ಶೂನ್ಯವೆಂಬ ಮಾತೂ ನೆರೆಯವನ ವಿಷಯವಾದ ಸಾಕ್ಷಿಯೂ

ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟ್ ದೇಶದ ನಿರಾಶ್ರಿತರು ನೆಲೆಗೊಂಡಿದ್ದಾರೆ. ಅಲ್ಲಿಯ ನಾಮ್‌ಡ್ರೋಲಿಂಗ್ ಮಠವು 1963ರಲ್ಲಿ ಸ್ಥಾಪಿತವಾಯಿತು. ಅವರ ಶಾಸ್ತ್ರಗಳಲ್ಲಿ ಶೂನ್ಯತೆಯೆಂಬ ಮಾತು ಮುಖ್ಯವಾದದ್ದು. ಹುಣಸೂರಿನ ಸಂತೆಗೆ ಹೋಗುವ ಒಬ್ಬನು, “ಶೂನ್ಯವೆಂದರೆ ಏನೂ ಇಲ್ಲವೆಂದರ್ಥ, ಆದಕಾರಣ ಇವರಿಗೆ ನಂಬಿಕೆಯೇ ಇಲ್ಲ” ಎಂದರೆ ಅದು ನ್ಯಾಯವೋ? ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ಅವನ ಹೊಲಕ್ಕೂ ದನಕ್ಕೂ ಮಾತ್ರ ಸಂಬಂಧಿಸಿದ್ದೋ, ಅವನ ಧರ್ಮದ ಮಾತುಗಳಿಗೂ ಸಂಬಂಧಿಸಿದ್ದೋ ಎಂಬದನ್ನು ನಾವು ವಿಚಾರಿಸೋಣ.

ಸುಮಾರು 2ನೆಯ ಶತಮಾನದಲ್ಲಿದ್ದ ನಾಗಾರ್ಜುನಾಚಾರ್ಯನು, ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ನಿಲ್ಲದೆ ಕಾರಣಗಳನ್ನು ಆಶ್ರಯಿಸಿಯೇ ಉಂಟಾಗುವದೆಂದು ಬೋಧಿಸಿ, ಇದನ್ನೇ ಶೂನ್ಯತೆಯೆಂದು ಕರೆದನು. ಕೃಷ್ಣರಾಜನಗರದ ಬತ್ತದ ಪೈರನ್ನು ನೋಡಿರಿ. ಬೀಜ, ಮಣ್ಣು, ಕಾವೇರಿಯ ನೀರು, ಒಕ್ಕಲಿಗನ ದುಡಿತ ಇವುಗಳನ್ನು ಬಿಟ್ಟರೆ ಪೈರೆಲ್ಲಿ? ಆದಾಗ್ಯೂ ಪೈರು ಇಲ್ಲವೆಂದು ಯಾರೂ ಅನ್ನರು. ಈ ಮಾತನ್ನು ತಪ್ಪಾಗಿ ತಿಳಿದವನು ಹಾವನ್ನು ಹಿಡಿಯಲರಿಯದೆ ಹಿಡಿದವನಂತೆ ಕೆಡುವನೆಂದು ಆ ಆಚಾರ್ಯನೇ ಎಚ್ಚರಿಸಿದನು.

ನಮ್ಮ ಕನ್ನಡದಲ್ಲಿಯೂ ಈ ಮಾತುಂಟು. 12ನೆಯ ಶತಮಾನದ ಅಲ್ಲಮಪ್ರಭುವು ಬಯಲು, ಶೂನ್ಯ ಎಂಬ ಮಾತುಗಳನ್ನು ಬಳಸಿದನು. ಅವನ ಮತ್ತು ಇತರ ಶರಣರ ಸಂವಾದಗಳನ್ನು ತರುವಾಯದವರು ಶೂನ್ಯಸಂಪಾದನೆಯೆಂಬ ಗ್ರಂಥವಾಗಿ ಕೂಡಿಸಿದರು. ಬಯಲೆಂದರೆ ಮರೆಯಿಲ್ಲದ ಭೂಮಿಯೆಂದು ಹೆಗ್ಗಡದೇವನಕೋಟೆಯ ಒಕ್ಕಲಿಗನೂ ಬಲ್ಲನು. ಶರಣರಿಗಾದರೋ, ಪೂಜಿಸುವವನು ಬೇರೆ, ಪೂಜೆಗೊಳ್ಳುವವನು ಬೇರೆ ಎಂಬ ಭೇದವು ಅಳಿದ ಪರವಸ್ತುವೇ ಬಯಲು. ಸೂಫಿಗಳು ಫನಾ ಎಂದು ಹೇಳುವದು ದೇವರಲ್ಲಿ ತಾನು ಅಳಿಯುವದನ್ನು. ಅದರ ತರುವಾಯ ದೇವರಲ್ಲಿ ಉಳಿಯುವದನ್ನು ಬಕಾ ಎನ್ನುತ್ತಾರೆ. ಫಿಲಿಪ್ಪಿಯರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಪೌಲನು, ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದನೆಂದು ಹೇಳುತ್ತಾನೆ.

ಹಾಗಾದರೆ ಇವೆಲ್ಲವೂ ಒಂದೇ ಎನ್ನೋಣವೋ? ಅದೂ ಸತ್ಯವಲ್ಲ. ನಾಗಾರ್ಜುನನು ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಸೂಫಿಯು ದೇವರ ಹೊರತು ಮಾತೇ ಆಡನು. ಶರಣನು ಲಿಂಗದೊಡನೆ ಐಕ್ಯವನ್ನು ಹಾರೈಸುವನು. ಪೌಲನು ಹೇಳುವದು ಒಬ್ಬಾತನು ಮಾಡಿದ ಕಾರ್ಯವನ್ನು. ಭೇದವನ್ನು ಮರೆಮಾಡುವದು ನೆರೆಯವನಿಗೆ ತೋರಿಸುವ ಗೌರವವಲ್ಲ. ಯಾಕಂದರೆ ಅವನು ಹೇಳದೆ ಇರುವದನ್ನು ಅವನ ಬಾಯಲ್ಲಿ ಇಟ್ಟಂತಾಗುವದು. ಹೀನೈಸುವವನೂ, ವಿಚಾರಿಸದೆ ಎಲ್ಲಾ ಒಂದೇ ಎನ್ನುವವನೂ ನೆರೆಯವನ ಮಾತನ್ನು ಕೇಳಿದವರಲ್ಲ.

ಆದರೂ ಒಂದು ವಿಷಯದಲ್ಲಿ ಇವರೆಲ್ಲರೂ ಕೂಡುತ್ತಾರೆ: ನಾನೆಂಬ ಗರ್ವವು ತುಂಬಿರುವಲ್ಲಿ ಸತ್ಯಕ್ಕೆ ಸ್ಥಳವಿಲ್ಲ. ಬೌದ್ಧರು ಶೂನ್ಯತೆಯೊಂದಿಗೆ ಕರುಣೆಯನ್ನೂ, ಶರಣರು ದಾಸೋಹವನ್ನೂ, ಪೌಲನು ಪರಹಿತವನ್ನು ನೋಡಬೇಕೆಂಬದನ್ನೂ ಹೇಳಿದ್ದಾರೆ. ತನ್ನನ್ನು ಬರಿದುಮಾಡಿಕೊಂಡೆನೆಂದು ಹೇಳಿ, ಕೂಲಿಯವನ ಕೂಲಿಯನ್ನು ಹಿಡಿದಿಡುವವನು ಯಾವ ಶಾಸ್ತ್ರದ ಪ್ರಕಾರವಾದರೂ ಬರಿದಾದವನಲ್ಲ.

ಆದಕಾರಣ ಪ್ರಿಯ ವಾಚಕರೇ, ನೆರೆಯವನ ಧರ್ಮದ ಒಂದು ಮಾತು ನಮಗೆ ವಿಚಿತ್ರವಾಗಿ ತೋರಿದಾಗ, ಅದರ ಅರ್ಥವನ್ನು ಮೊದಲು ಅವನಿಂದಲೇ ಕೇಳಿ ತಿಳಿಯೋಣ. ಒಪ್ಪುವದೂ ಒಪ್ಪದಿರುವದೂ ಅದರ ತರುವಾಯದ ಕೆಲಸ.