ನಡುವಿನ ಮಗನ ನಾಟಕ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಳೆಯ ನಾಟಕವೊಂದನ್ನು ಪರಿಚಯಿಸಬೇಕು, ಯಾವುದು ಆದೀತು ಎಂದು ಶಿಕ್ಷಕರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಭಾಸನ ‘ಮಧ್ಯಮ ವ್ಯಾಯೋಗ’. ಒಂದೇ ಅಂಕದ ಪುಟ್ಟ ನಾಟಕ. ಕಾಳಿದಾಸನೇ ಹೆಸರೆತ್ತಿ ಗೌರವಿಸಿದ ಈ ಕವಿಯ ಕೃತಿಗಳು ಬಹುಕಾಲ ಕಣ್ಮರೆಯಾಗಿದ್ದವು. ಕೇರಳದ ಕಡೆ ಸಿಕ್ಕ ತಾಳೆಗರಿಗಳಿಂದ ಅವನ್ನು ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಅಚ್ಚು ಹಾಕಿಸಿದರು.

ಕಥೆ ಇಷ್ಟು. ಕಾಡುದಾರಿಯಲ್ಲಿ ಹೊರಟ ಬಡ ಬ್ರಾಹ್ಮಣ ದಂಪತಿಯನ್ನೂ ಅವರ ಮೂವರು ಗಂಡುಮಕ್ಕಳನ್ನೂ ಘಟೋತ್ಕಚ ಅಡ್ಡಗಟ್ಟುತ್ತಾನೆ. ಉಪವಾಸವಿದ್ದ ತಾಯಿ ಹಿಡಿಂಬೆಯ ಊಟಕ್ಕೆ ಒಬ್ಬ ಮನುಷ್ಯ ಬೇಕು. ಅವನಿಗೇನೂ ಇದು ಇಷ್ಟದ ಕೆಲಸವಲ್ಲ, ಅಮ್ಮ ಹೇಳಿದ್ದಾಳೆ, ಮಾಡಬೇಕು. ಅಪ್ಪ ತಾನೇ ಬರುತ್ತೇನೆನ್ನುತ್ತಾನೆ, ಮುದುಕ ಬೇಡ. ಅಮ್ಮ ಮುಂದೆ ಬರುತ್ತಾಳೆ, ಹೆಂಗಸು ಬೇಡ. ಆಮೇಲೆ ಮಕ್ಕಳು ನಾನು ತಾನು ಎಂದು ಪೈಪೋಟಿಗೆ ನಿಲ್ಲುತ್ತಾರೆ. ಹಿರಿಯವನನ್ನು ಬಿಡಲಾರೆ ಎನ್ನುತ್ತಾನೆ ತಂದೆ, ಕಿರಿಯವನನ್ನು ಬಿಡಲಾರೆ ಎನ್ನುತ್ತಾಳೆ ತಾಯಿ. ಉಳಿದವನು ನಡುವಿನವನು.

ನಾಟಕದ ಜೀವ ಇರುವುದು ಇಲ್ಲಿ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲೂ ಮಾರಾಟವಾಗುವವನು ಹೀಗೆ ನಡುವಿನ ಮಗನೇ. ಮೂವರು ಮಕ್ಕಳನ್ನು ತರಗತಿಯ ನಡುವೆ ನಿಲ್ಲಿಸಿ. ಒಬ್ಬನ ಹೆಗಲ ಮೇಲೆ ಅಪ್ಪನ ಕೈ, ಇನ್ನೊಬ್ಬನ ಹೆಗಲ ಮೇಲೆ ಅಮ್ಮನ ಕೈ. ಮೂರನೆಯ ಹೆಗಲು ಖಾಲಿ. ಯಾರೂ ವಿವರಿಸುವುದು ಬೇಡ. ಮನೆಯಲ್ಲಿ ಅಣ್ಣನ ಹಳೇ ಅಂಗಿ ತೊಟ್ಟು, ತಂಗಿಗಾಗಿ ಆಟಿಕೆ ಬಿಟ್ಟುಕೊಟ್ಟ ಮಗುವಿಗೆ ಆ ಖಾಲಿ ಹೆಗಲು ಅರ್ಥವಾಗುತ್ತದೆ. ಮಕ್ಕಳಿಗೆ ನೋವಾದೀತೆಂದು ಈ ಭಾಗವನ್ನು ತೆಳುಮಾಡುವವರು ನಾಟಕವನ್ನೇ ಕೈಬಿಟ್ಟಂತೆ.

ಮುಂದೆ ಗಮ್ಮತ್ತು. ಹುಡುಗ ನೀರು ಕುಡಿದು ಬರುತ್ತೇನೆಂದು ಕೊಳಕ್ಕೆ ಹೋಗಿ ತಡಮಾಡುತ್ತಾನೆ. ಅಮ್ಮನ ಊಟದ ಹೊತ್ತು ಮೀರುತ್ತಿದೆಯೆಂದು ಘಟೋತ್ಕಚ ‘ಮಧ್ಯಮಾ’ ಎಂದು ಕೂಗುತ್ತಾನೆ. ಓಡಿ ಬರುವವನು ಭೀಮ! ಕುಂತಿಯ ಮಕ್ಕಳಲ್ಲಿ ಅವನೂ ನಡುವಿನವನೇ. ಎದುರಿಗಿರುವವನು ತನ್ನ ಮಗನೆಂದು ಭೀಮನಿಗೆ ಬೇಗ ತಿಳಿಯುತ್ತದೆ, ಮಗನಿಗೆ ತಿಳಿಯದು. ಹುಡುಗನ ಬದಲು ತಾನು ಬರುತ್ತೇನೆ, ಕೈಲಾದರೆ ಎಳೆದುಕೊಂಡು ಹೋಗು ಎನ್ನುತ್ತಾನೆ. ಘಟೋತ್ಕಚ ಮರ ಕೀಳುತ್ತಾನೆ, ಬೆಟ್ಟದ ತುದಿ ಎತ್ತಿ ಎಸೆಯುತ್ತಾನೆ.

ಇದಕ್ಕೆಲ್ಲ ರಟ್ಟಿನ ಮರ, ಬಾಡಿಗೆಯ ಕಿರೀಟ ಯಾಕೆ? ಸಂಸ್ಕೃತ ರಂಗಭೂಮಿಯಲ್ಲಿ ನಟ ರಂಗವನ್ನು ಒಂದು ಸುತ್ತು ಹಾಕಿದರೆ ಊರು ದಾಟಿದಂತೆ. ಇಲ್ಲದ ವಸ್ತುವನ್ನು ಅಭಿನಯವೇ ತೋರಿಸುತ್ತದೆ. ಮಕ್ಕಳು ಅಂಗಳದಲ್ಲಿ ದಿನವೂ ಆಡುವ ಆಟದ ನಿಯಮವೂ ಇದೇ. ಬೇರು ಬಿಟ್ಟ ಮರವನ್ನು ಕಿತ್ತು ತೋರಿಸು ಎಂದು ಎಂಟು ವರ್ಷದ ಹುಡುಗಿಗೆ ಹೇಳಿ ನೋಡಿ. ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಮುಖ ಕೆಂಪಾಗಿಸಿಕೊಂಡು ಎಳೆಯುತ್ತಾಳೆ. ಮರ ಬಂದಾಗ ಹಿಂದಕ್ಕೆ ಮುಗ್ಗರಿಸುತ್ತಾಳೆ ಕೂಡ. ವಾರ್ಷಿಕೋತ್ಸವದ ಧ್ವನಿಮುದ್ರಿತ ಸಂಭಾಷಣೆಗೆ ತುಟಿ ಆಡಿಸುವ ಮಕ್ಕಳಿಗೆ ಈ ಸುಖವನ್ನು ನಾವು ತಪ್ಪಿಸುತ್ತಿದ್ದೇವೆ. ಸಂಭಾಷಣೆ ಉರು ಹೊಡೆಸುವುದು ಕೊನೆಗಿರಲಿ. ಮೊದಲು ಕಾಡು ಸುತ್ತಲಿ, ಕೂಗಲಿ, ಮಲ್ಲಯುದ್ಧ ಹಿಡಿಯಲಿ.

ಹಿಡಿಂಬೆ ಹೊರಬಂದು ಗಂಡನನ್ನು ಗುರುತಿಸಿದಾಗ ಎಲ್ಲವೂ ಸುಖಾಂತ. ಆಗ ಶಿಕ್ಷಕರು ದಯವಿಟ್ಟು ‘ಈ ನಾಟಕದ ನೀತಿಯೇನು’ ಎಂದು ಕೇಳಬಾರದು. ಬ್ರಾಹ್ಮಣನ ಸಂಸಾರ ಹರಸಿ ತನ್ನ ದಾರಿ ಹಿಡಿಯುತ್ತದೆ, ಆದರೆ ಆ ರಾತ್ರಿ ಐವರೂ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡರು ಎಂದು ಭಾಸ ಹೇಳಿಲ್ಲ. ಆ ದೃಶ್ಯವನ್ನು ಕಟ್ಟುವ ಕೆಲಸ ಮಕ್ಕಳಿಗೇ ಕೊಡಿ. ನಡುವಿನವನ ಪಾತ್ರವನ್ನು ದಿನಕ್ಕೊಬ್ಬರು ವಹಿಸಿಕೊಳ್ಳಲಿ.