ಕೈಬಿಟ್ಟ ಮೇಲೆ ಯಾರ ವಿಮಾನ?

ಕೃಷ್ಣರಾಜಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ ಒಂದು ವಿಮಾನ ಏಳೂವರೆ ಶತಮಾನದಿಂದ ನಿಂತಲ್ಲೇ ನಿಂತಿದೆ. 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿಗೆ ಮೂರು ಗರ್ಭಗುಡಿಗಳು. ನಡುವಿನದಕ್ಕೆ ಮಾತ್ರ ಮೇಲೆ ಶಿಖರ. ಗುಡಿ ಕಟ್ಟುವವರ ಮಾತಿನಲ್ಲಿ ಅದೇ ವಿಮಾನ, ಅಂದರೆ ಅಳತೆಗೆ ಸರಿಯಾಗಿ ಕಟ್ಟಿದ್ದು. ಆ ಗುಡಿಯ ಬಳಪದ ಕಲ್ಲು ಒಂದು ಘನ ಅಡಿಗೆ ಎಪ್ಪತ್ತೈದು ಕಿಲೋ ದಾಟುತ್ತದೆ. ಮಾದರಿ ವಿಮಾನ ಕಟ್ಟಲು ಬಳಸುವ ಈಕ್ವೆಡಾರಿನ ಬಾಲ್ಸಾ ಮರ ಅಷ್ಟೇ ಗಾತ್ರಕ್ಕೆ ನಾಲ್ಕೂವರೆ ಕಿಲೋ ತೂಗಿದರೆ ಹೆಚ್ಚು. ಎರಡೂ ಉಳಿಗೆ, ಬ್ಲೇಡಿಗೆ ಮೆತ್ತಗೆ ಒಲಿಯುವಂಥವು. ಅಳತೆ ತಪ್ಪಿದರೆ ಎರಡೂ ಕ್ಷಮಿಸುವುದಿಲ್ಲ.

ಮೊದಲ ಬಾಲ್ಸಾ ಕಿಟ್ ತರಿಸಲು ಕೂತ ಊರಿನ ಹೈಸ್ಕೂಲು ಹುಡುಗನೊಬ್ಬನನ್ನು ನೆನೆಯಿರಿ. ಮುಂದೆ ಎರಡು ಚಿತ್ರ. ಒಂದು ಸ್ಪಿಟ್‌ಫೈರ್ ಯುದ್ಧವಿಮಾನ: ಬಣ್ಣ, ಬಂದೂಕು, ಬಾಗಿದ ಚೆಲುವಾದ ರೆಕ್ಕೆ. ಇನ್ನೊಂದು ಹೆಸರಿಲ್ಲದ ಬಡಪಾಯಿ: ಕಡ್ಡಿಯಂಥ ಮೈ, ಮೇಲೆ ಚೌಕ ರೆಕ್ಕೆ, ಮೂಗಿಗೆ ಪ್ರೊಪೆಲ್ಲರ್, ಹೊಟ್ಟೆಯಡಿ ರಬ್ಬರ್ ಎಳೆ. ಅವನ ಕೈ ಮೊದಲನೆಯದಕ್ಕೇ ಹೋಗುತ್ತದೆ. ಯಾರ ಕೈ ಹೋಗುವುದಿಲ್ಲ?

ಇಲ್ಲಿ ಹಳೆಯ ತತ್ತ್ವದ ಪ್ರಶ್ನೆಯೊಂದು ಅಡಗಿದೆ. ವಿಮಾನವನ್ನು ವಿಮಾನವಾಗಿಸುವುದು ರೂಪವೋ, ಹಾರುವ ಧರ್ಮವೋ? ಯುದ್ಧವಿಮಾನದ ಮಾದರಿ ಹುಬೇಹೂಬು ಕಂಡೀತು. ಆದರೆ ರೆಕ್ಕೆ ಕೆಳಗೆ, ಬಾಲ ಚಿಕ್ಕದು, ಒಳಗೆ ಲೆಕ್ಕವಿಲ್ಲದಷ್ಟು ಬಿಲ್ಲೆಗಳು; ಒಂದೊಂದು ಅಂಟಿನ ಹನಿಯೂ ಭಾರ. ಹೊಸಬನ ಕೈಯಲ್ಲಿ ಅದು ಹೆಚ್ಚಾಗಿ ಶೋಕೇಸಿಗೇ ಹೋಗುತ್ತದೆ. ಬಡಪಾಯಿಯ ರೆಕ್ಕೆ ಮೇಲಿದೆ, ತುದಿಗಳು ತುಸು ಎತ್ತಿವೆ. ಒಂದು ಕಡೆ ವಾಲಿದರೆ ತಾನೇ ಸರಿಹೋಗುತ್ತದೆ. 1871ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ತೋಟವೊಂದರಲ್ಲಿ ಆಲ್ಫೋನ್ಸ್ ಪೆನೊ ಹಾರಿಸಿದ್ದೂ ಇಂಥದ್ದನ್ನೇ: 16 ಗ್ರಾಂ ತೂಕ, ಹುರಿಗೊಳಿಸಿದ ರಬ್ಬರ್, 11 ಸೆಕೆಂಡಿನಲ್ಲಿ 40 ಮೀಟರ್. ಯಾವ ನಿಜ ವಿಮಾನವನ್ನೂ ಅದು ಹೋಲುತ್ತಿರಲಿಲ್ಲ. ಹೋಲಲು ಆಗ ನಿಜ ವಿಮಾನವೇ ಹುಟ್ಟಿರಲಿಲ್ಲ!

ರೂಪವೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲೇ ಉದಾಹರಣೆಯಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರಗಳ ವರ್ಣನೆಯಿದೆ, ಭರ್ಜರಿ ನಕ್ಷೆಗಳೂ ಇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅವನ್ನು ಲೆಕ್ಕಕ್ಕೆ ಹಚ್ಚಿ, ಇವು ಹಾರುವಂಥವಲ್ಲ ಎಂದರು. ಆರು ಕಡ್ಡಿಯ ಬಡಪಾಯಿಗೆ ಇಂಥ ವಿಚಾರಣೆ ಬೇಕಿಲ್ಲ. ಎಸೆದರೆ ಗೊತ್ತಾಗುತ್ತದೆ.

ಹುಡುಗ ಬಡಪಾಯಿಯನ್ನೇ ತರಿಸಿದ ಎನ್ನೋಣ. ಮೆತ್ತನೆ ಹಲಗೆಯ ಮೇಲೆ ಪ್ಲಾನ್ ಹಾಳೆ, ಅದರ ಮೇಲೆ ಅಂಟು ಹಿಡಿಯದಂತೆ ಪ್ಲಾಸ್ಟಿಕ್, ಗುಂಡುಸೂಜಿಗಳ ನಡುವೆ ಬಂಧಿಸಿದ ಬಾಲ್ಸಾ ಕಡ್ಡಿ. ಪಕ್ಕೆಲುಬುಗಳು ಕೂತ ಮೇಲೆ ತೆಳುಗಾಗದ ಹೊದಿಸಿ ನೀರು ಸಿಂಪಡಿಸಿದರೆ, ಸುಕ್ಕು ಸುಕ್ಕಾಗಿದ್ದ ಕಾಗದ ಒಣಗುತ್ತ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಅತಿಯಾಗಿ ಬಿಗಿದು ರೆಕ್ಕೆ ತಿರುಚಿಕೊಂಡರೆ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ತಿರುಗಿಸಿದರೆ ಸರಿ. ಕೊನೆಗೆ ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಮೂರನೇ ಒಂದು ಪಾಲಿನಷ್ಟು ಹಿಂದೆ ಎರಡು ಬೆರಳ ತುದಿ ಕೊಟ್ಟು ನಿಲ್ಲಿಸಿ ನೋಡುವುದು. ಬಾಲ ಜಗ್ಗಿದರೆ ಮೂಗಿಗೆ ಚಿಟಿಕೆ ಜೇಡಿಮಣ್ಣು.

ಇಷ್ಟೆಲ್ಲ ಮಾಡಿದ ವಿಮಾನ ಅವನದೇ ತಾನೆ? ಪಕ್ಕದ ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಶರೀರಕ್ಕೆ ಕೊಟ್ಟ ಲಕ್ಷಣ ಇಲ್ಲಿ ಒದಗುತ್ತದೆ. ಯಾವ ದ್ರವ್ಯವನ್ನು ಒಂದು ಚೇತನ ಪೂರ್ತಿಯಾಗಿ ಧರಿಸಿ, ನಿಯಮಿಸಿ, ತನ್ನ ಸಲುವಾಗಿಯೇ ಇರಿಸಿಕೊಳ್ಳಬಲ್ಲದೋ ಅದು ಆ ಚೇತನದ ಶರೀರ. ರೇಡಿಯೊ ಹಿಡಿದು ಹಾರಿಸುವವನು ‘ನನ್ನ ವಿಮಾನ ನನ್ನ ಮೈಯಂತೆ’ ಎನ್ನಬಹುದು. ಬ್ಯಾಟರಿ ಮುಗಿದರೆ ಆ ಮಾತೂ ಮುಗಿಯಿತು. ರಬ್ಬರ್ ವಿಮಾನ ಅಷ್ಟನ್ನೂ ಹೇಳಗೊಡುವುದಿಲ್ಲ. ಬೆರಳು ಬಿಟ್ಟ ಕ್ಷಣದಿಂದ ಧರಿಸುವುದು ಗಾಳಿ. ಮೊದಲ ಕಿಟ್ ಇದೇ ಆಗಲಿ ಎನ್ನಲು ಅಗ್ಗದ ಬೆಲೆಗಿಂತ ಇದು ಒಳ್ಳೆಯ ಕಾರಣ.

ಕೈಯಲ್ಲಿದ್ದದ್ದು ಕೈಮೀರಿ ಹೋಗುವುದು ಮೇಲುಕೋಟೆಯವರಿಗೆ ಹೊಸ ಸಂಗತಿಯೇನಲ್ಲ. ಅಲ್ಲಿನ ಉತ್ಸವಮೂರ್ತಿ ಒಂದು ಕಾಲಕ್ಕೆ ದಿಲ್ಲಿಯ ಸುಲ್ತಾನನ ಮಗಳ ಕೈಯಲ್ಲಿ ಆಟದ ಬೊಂಬೆಯಾಗಿತ್ತು ಎನ್ನುತ್ತದೆ ಸಂಪ್ರದಾಯ. ರಾಮಾನುಜರು ಕರೆದಾಗ ಬೊಂಬೆ ತಾನಾಗಿ ನಡೆದು ಬಂದು ಅವರ ತೊಡೆಯೇರಿತು, ಚೆಲುವಪಿಳ್ಳೆಯಾಯಿತು. ಹುಡುಗಿ ಬಿಡಲಾರದೆ ಬೆನ್ನು ಹತ್ತಿ ಬಂದಳು. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಇಂದಿಗೂ ಅವನ ಸನ್ನಿಧಿಯಲ್ಲಿದ್ದಾಳೆ. ಆಡಿದವಳದೂ ಅಲ್ಲ, ಕರೆದವರದೂ ಅಲ್ಲ, ಬೊಂಬೆಗೆ ತನ್ನದೇ ನಡೆ. ವೈರಮುಡಿ ಉತ್ಸವದ ರಾತ್ರಿ ಆ ಪುಟ್ಟ ಮೂರ್ತಿ ಗರುಡನ ಮೇಲೇರಿ ಹೊರಡುವಾಗ, ಅದು ಯಾರನ್ನು ಎಷ್ಟು ಹೋಲುತ್ತದೆ ಎಂದು ಯಾರೂ ಅಳೆಯುವುದಿಲ್ಲ.

ಹುಡುಗ ಕುಯ್ಲಾದ ರಾಗಿ ಹೊಲದಲ್ಲಿ, ಗಾಳಿ ಏಳುವ ಮುನ್ನ, ಬೆಳಿಗ್ಗೆಯೇ ಹಾರಿಸುವುದು ಒಳ್ಳೆಯದು. ಬಿಸಿಗಾಳಿಯ ಸುಳಿಗೆ ಸಿಕ್ಕರೆ ಹಗುರ ವಿಮಾನ ಸುತ್ತುತ್ತಾ ಮೇಲೇರಿ ಕಣ್ಮರೆಯಾಗುವುದುಂಟು. ಅದಕ್ಕೇ ಬಲ್ಲವರು ರೆಕ್ಕೆಯ ಮೇಲೆ ಫೋನ್ ನಂಬರ್ ಬರೆದಿಡುತ್ತಾರೆ. ಕಬ್ಬಿನ ಗದ್ದೆಗೆ ಬಿದ್ದರೆ ಮಾತ್ರ ನಂಬರಿನಿಂದ ಉಪಯೋಗವಿಲ್ಲ, ಕಟಾವಿನವರೆಗೆ ಕಾಯಬೇಕು. ಅಷ್ಟರಲ್ಲಿ ಕಾಗದ ಮಳೆಗೆ ಕರಗಿ, ನಾಲ್ಕು ಪಕ್ಕೆಲುಬು ಸಿಕ್ಕರೆ ಪುಣ್ಯ. ಗುಂಡುಸೂಜಿಯ ತೂತುಗಳಿರುವ ಪ್ಲಾನ್ ಹಾಳೆ ಮನೆಯಲ್ಲೇ ಇರುತ್ತದೆ. ಅದೇ ತೂತುಗಳಿಗೆ ಸೂಜಿ ಚುಚ್ಚಿ ಎರಡನೆಯದನ್ನು ಕಟ್ಟಬಹುದು.