ಮರ ಓಡಲಾರದು, ಮೊಲಕ್ಕೆ ಓಡಲು ನೆಲೆಯಿಲ್ಲ



ಅಳಿವಿನ ಅಂಚಿನಲ್ಲಿರುವ ಒಂದು ಮರ, ಒಂದು ಮೊಲ. ಇವೆರಡರಲ್ಲಿ ಒಂದನ್ನು ಮಾತ್ರ ಉಳಿಸಬಹುದೆಂದರೆ ನೀವು ಯಾವುದನ್ನು ಆರಿಸುವಿರಿ? ಉತ್ತರಿಸುವ ಮುನ್ನ ಎರಡನ್ನೂ ಪರಿಚಯಿಸಿಕೊಳ್ಳೋಣ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ಮರವೊಂದಿದೆ. 2000ದಲ್ಲಿ ಸಸ್ಯವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಗುರುತಿಸಿ, ಆ ಕಾನಿನ ಹೆಸರನ್ನೇ ಸೇರಿಸಿ 'ಸೆಮೆಕಾರ್ಪಸ್ ಕತಲೆಕಾನೆನ್ಸಿಸ್' ಎಂದು ಕರೆದರು. ಜಡ್ಡಿಯ ನೀರು ಅಡಿಕೆ ತೋಟಕ್ಕೆ ತಿರುಗಿದರೂ ಇಂಥ ಮರ ಒಡನೆ ಬೀಳುವುದಿಲ್ಲ. ಕೆಳಗೆ ಸಸಿಗಳು ಏಳುವುದು ಮಾತ್ರ ನಿಲ್ಲುತ್ತದೆ. ಹಸಿರಾಗಿ ನಿಂತ ಮರ ನಮ್ಮನ್ನು ವರ್ಷಗಟ್ಟಲೆ ವಂಚಿಸಬಲ್ಲದು.

ಮೊಲದ ಕಥೆ ಬೇರೆ. ಒರಟು ರೋಮದ, ಗಿಡ್ಡ ಕಿವಿಯ ಈ ಮೊಲ ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲಿನಲ್ಲಿ ಅಡಗಿ ಬಾಳುತ್ತದೆ. ಅಳಿದೇ ಹೋಯಿತೆಂದು ಭಾವಿಸಿದ್ದ ಅದು 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಕಂಡಿತು. ಬೇಸಿಗೆಗೆ ಮುನ್ನ ಹುಲ್ಲಿಗೆ ಹಚ್ಚುವ ಬೆಂಕಿ ಒಂದೇ ದಿನದಲ್ಲಿ ಅದರ ಮನೆಯನ್ನು ಬೂದಿ ಮಾಡುತ್ತದೆ. ಹಾಗೆಂದು ಬೆಂಕಿಯೇ ಬೀಳದಿದ್ದರೆ ಹುಲ್ಲುಗಾವಲು ಮೆಲ್ಲನೆ ಕಾಡಾಗುತ್ತದೆ. ಆದುದರಿಂದ ಹೊತ್ತರಿತು, ಒಂದೊಂದೇ ತುಂಡು ಸುಡುವ ವಿವೇಕ ಬೇಕು.

ನಮ್ಮ ಮನಸ್ಸು ಸಹಜವಾಗಿ ಮೊಲದತ್ತ ವಾಲುತ್ತದೆ. ಅದಕ್ಕೆ ಭಯವುಂಟು, ನೋವುಂಟು. ಮರುಕವೇ ಅಳತೆಗೋಲಾದರೆ ಮರ ಸೋಲುತ್ತದೆ. ಲಾಭವೇ ಅಳತೆಗೋಲಾದರೆ ಎರಡೂ ಸೋಲುತ್ತವೆ. ಸಂತೆಯಲ್ಲಿ ಎರಡಕ್ಕೂ ಬೆಲೆಯಿಲ್ಲ. ನಾವು ಒಮ್ಮೆ ಅಳಿಸಿದ ಕುಲವನ್ನು ಮತ್ತೆ ಉಂಟುಮಾಡುವ ಶಕ್ತಿ ನಮಗಿಲ್ಲ ಎಂಬುದೊಂದೇ ಇಬ್ಬರಿಗೂ ಸಮನಾಗಿ ಸಲ್ಲುವ ಅಳತೆ.

ಆದರೆ ಇಲ್ಲಿ ಮೂರನೆಯ ಪಕ್ಷವೊಂದಿದೆ. ತೋಟಕ್ಕೆ ನೀರು ಹಾಯಿಸುವ ರೈತನೂ ಮನೆಯ ಮೇಲ್ಛಾವಣಿಗೆ ಹುಲ್ಲು ಕೊಯ್ಯುವ ಬಡವನೂ ಪ್ರಕೃತಿಯ ವೈರಿಗಳಲ್ಲ. ಊರಿನಲ್ಲಿ ನೆಮ್ಮದಿಯಾಗಿ ಕುಳಿತು 'ನೀವು ಬಿಟ್ಟುಕೊಡಿ' ಎನ್ನುವುದು ಧರ್ಮವಲ್ಲ. ಅವರ ನಷ್ಟದಲ್ಲಿ ಪಾಲು ಹೊರಲು ಸಿದ್ಧರಾದವರಿಗೆ ಮಾತ್ರ ಆ ಮಾತಿನ ಹಕ್ಕಿದೆ.

ಇನ್ನು ಮೊದಲ ಪ್ರಶ್ನೆಗೆ ಮರಳೋಣ. ಮರ ಕೇಳುವುದು ನೀರನ್ನು, ಮೊಲ ಕೇಳುವುದು ಹುಲ್ಲನ್ನು. ಒಂದರ ಅನ್ನವನ್ನು ಇನ್ನೊಂದು ಕಸಿಯುತ್ತಿಲ್ಲ. ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂಬ ಇಕ್ಕಟ್ಟನ್ನು ತಂದಿಟ್ಟವರು ಯಾರು ಎಂದು ದಯವಿಟ್ಟು ನೀವೇ ವಿಚಾರಿಸಿ ನೋಡಿ.